ಬರೆದು ಬದುಕುವ ಲೆಕ್ಕ

ಕನ್ನಡಕ್ಕೆ ಜ್ಞಾನಪೀಠ ತಂದವರು ಎಂಟು ಮಂದಿ. ಅವರ ಸಾಹಿತ್ಯದ ಮೇಲೆ ಬೇಕಾದಷ್ಟು ಪಿಎಚ್.ಡಿ.ಗಳಾಗಿವೆ. ಅವರ ಮನೆಗೆ ಅಕ್ಕಿ ಬೇಳೆ ಯಾವ ದುಡ್ಡಿನಲ್ಲಿ ಬರುತ್ತಿತ್ತು ಎಂದು ಕೇಳಿದವರು ಕಡಿಮೆ. ಕುವೆಂಪು, ಗೋಕಾಕ್, ಅನಂತಮೂರ್ತಿ, ಕಂಬಾರ ನಾಲ್ವರೂ ಮೇಷ್ಟ್ರುಗಳು, ನಾಲ್ವರೂ ಮುಂದೆ ಕುಲಪತಿಗಳಾದವರು. ಮಾಸ್ತಿ ಮೈಸೂರು ಸಂಸ್ಥಾನದ ದೊಡ್ಡ ಅಧಿಕಾರಿ. 1943ರಲ್ಲಿ ರಾಜೀನಾಮೆ ಬಿಸಾಡುವ ತನಕ ಸರ್ಕಾರದ ಸಂಬಳ ಬರುತ್ತಿತ್ತು. ಬೇಂದ್ರೆ ‘ನರಬಲಿ’ ಕವಿತೆಗಾಗಿ ಸೆರೆಮನೆ ಕಂಡು, ಆಮೇಲೆ ಕೆಲಸವಿಲ್ಲದೆ ವರ್ಷಗಟ್ಟಲೆ ಕಷ್ಟಪಟ್ಟು, 1944ರಲ್ಲಿ ಸೊಲ್ಲಾಪುರದ ಡಿ.ಎ.ವಿ. ಕಾಲೇಜು ಸೇರಿದ ಮೇಲೆಯೇ ಸ್ವಲ್ಪ ಉಸಿರುಬಿಟ್ಟದ್ದು. ಕಾರ್ನಾಡರು ಮದ್ರಾಸಿನ ಆಕ್ಸ್‌ಫರ್ಡ್ ಯೂನಿವರ್ಸಿಟಿ ಪ್ರೆಸ್ಸಿನಲ್ಲಿ 1963ರಿಂದ 1970ರವರೆಗೆ ದುಡಿದು, ಆಮೇಲೆ ಬರವಣಿಗೆ, ರಂಗಭೂಮಿ, ಸಿನಿಮಾ ಎಂದು ಹೊರಟರು. ತಿಂಗಳ ಸಂಬಳವೆಂಬ ಊರುಗೋಲು ಹಿಡಿಯದೆ ಇಡೀ ಆಯುಷ್ಯ ಕಳೆದವರು ಯಾರೆಂದು ಹುಡುಕಿದರೆ ಕಾರಂತರೊಬ್ಬರೇ ಸಿಗುತ್ತಾರೆ.

ಈಚಿನ ಮಾತೂ ಬೇರೆಯಲ್ಲ. 2025ರಲ್ಲಿ ಅಂತರರಾಷ್ಟ್ರೀಯ ಬೂಕರ್ ಪಡೆದ ಬಾನು ಮುಷ್ತಾಕ್ ಹಾಸನದ ವಕೀಲರು. ‘ಹಾರ್ಟ್ ಲ್ಯಾಂಪ್’ ಸಂಕಲನಕ್ಕೆ ಬಂದ 50,000 ಪೌಂಡ್ ಅವರಿಗೂ ಅನುವಾದಕಿ ದೀಪಾ ಭಸ್ತಿಯವರಿಗೂ ಸಮನಾಗಿ ಹಂಚಿಹೋಯಿತು. ಅದೇನು ಯಾರ ಔದಾರ್ಯವೂ ಅಲ್ಲ, ಆ ಪ್ರಶಸ್ತಿಯ ನಿಯಮವೇ ಹಾಗೆ. ಅನುವಾದಕರ ಹೆಸರನ್ನು ಮುಖಪುಟದಲ್ಲಿ ಹಾಕಲು ಹಿಂದೆಮುಂದೆ ನೋಡುವ ನಮ್ಮ ಕೆಲವು ಪ್ರಕಾಶಕರು ಆ ನಿಯಮವನ್ನು ಒಮ್ಮೆ ಓದಿಕೊಳ್ಳುವುದು ಒಳ್ಳೆಯದು.

ಹಾಗಾದರೆ ನೌಕರಿ ಇಲ್ಲದೆ, ತೋಟ ಇಲ್ಲದೆ, ವಕೀಲಿಕೆ ಇಲ್ಲದೆ, ಬರೀ ಬರೆದು ಕನ್ನಡದಲ್ಲಿ ಬದುಕಬಹುದೇ? ಫ್ರೀಲಾನ್ಸ್ ಬರವಣಿಗೆಗೆ ಇಳಿಯುವವರಿಗೆ ಹಿರಿಯರು ಹೇಳುವ ಬುದ್ಧಿಮಾತು ಎಲ್ಲರಿಗೂ ಬಾಯಿಪಾಠ: ಬೆಳಗಿನ ಜಾವ ಎದ್ದು ಬರೆಯಿರಿ, ದಿನಾ ಓದಿ, ಶಿಸ್ತು ಬಿಡಬೇಡಿ, ಹುಮ್ಮಸ್ಸು ಕಳೆದುಕೊಳ್ಳಬೇಡಿ. ಇದರಲ್ಲಿ ಸುಳ್ಳೇನೂ ಇಲ್ಲ. ಆದರೆ ಈ ಕಸುಬು ಬಿಟ್ಟು ಹೋದವರನ್ನು ನಾನು ಕಂಡಿದ್ದೇನೆ. ಅವರಲ್ಲಿ ವಿಷಯ ಬತ್ತಿಹೋಗಿ ಬಿಟ್ಟವರು ಯಾರೂ ಇರಲಿಲ್ಲ. ಯುಗಾದಿಗೆ ಬರೆದುಕೊಟ್ಟ ಲೇಖನದ ದುಡ್ಡು ದಸರಾ ಕಳೆದರೂ ಬರಲಿಲ್ಲ, ಕೇಳಲು ಸಂಕೋಚವಾಯಿತು, ಮನೆಬಾಡಿಗೆ ಮಾತ್ರ ಪ್ರತಿ ತಿಂಗಳೂ ತಪ್ಪದೆ ಬಂತು, ಒಂದು ದಿನ ಲ್ಯಾಪ್‌ಟಾಪ್ ಮುಚ್ಚಿಟ್ಟು ಸಂಬಳದ ಕೆಲಸ ಹುಡುಕಿದರು. ಮನಸ್ಸು ಸೋತಿತು ಎಂದು ನಾವು ಕರೆಯುವುದರ ಬಹುಪಾಲು ಬಾಕಿ ಬಿಲ್ಲಿನ ಬಾಬತ್ತು. ಹಾಗಾಗಿ ಹುಮ್ಮಸ್ಸಿನ ಮಾತನ್ನು ದುಡ್ಡಿನ ಕಡೆಯಿಂದಲೇ ಶುರು ಮಾಡುವುದು ನೇರ ದಾರಿ.

ಹಿಂದೆ ಬರೆದೇ ಬದುಕಿದವರು ಏನು ಮಾಡಿದ್ದರು ನೋಡೋಣ. ಗಳಗನಾಥರು (1869–1942) ಮಾಸ್ತರಿಕೆ ಬಿಟ್ಟು ಕಾದಂಬರಿಗೆ ನಿಂತವರು. ಹಾವೇರಿ ಸೀಮೆಯ ಅಗಡಿಯಿಂದ ಹೊರಡುತ್ತಿದ್ದ ‘ಸದ್ಬೋಧ ಚಂದ್ರಿಕೆ’ ಪತ್ರಿಕೆಯಲ್ಲಿ ಬರೆದರು, ಅದನ್ನು ಬೆಳೆಸಿದರು. ಅಷ್ಟಕ್ಕೇ ಮುಗಿಯಲಿಲ್ಲ. ಅಚ್ಚಾದ ಪುಸ್ತಕಗಳ ಗಂಟು ಹೊತ್ತು ಊರೂರು ಅಲೆದು ತಾವೇ ಮಾರಿದರು. ಈ ಕಥೆಯನ್ನು ನಾವು ಕನ್ನಡಕ್ಕಾಗಿ ಮಾಡಿದ ತ್ಯಾಗವೆಂದು ಕಣ್ಣಲ್ಲಿ ನೀರು ತಂದುಕೊಂಡು ಹೇಳುತ್ತೇವೆ. ನನಗೆ ಅದರಲ್ಲಿ ತ್ಯಾಗಕ್ಕಿಂತ ವ್ಯವಹಾರದ ಜಾಣತನವೇ ಹೆಚ್ಚು ಕಾಣುತ್ತದೆ. ಬರೆದವನಿಗೂ ಓದುವವನಿಗೂ ನಡುವೆ ಇರುವ ಅಂಗಡಿಯವನ ಕಮಿಷನ್ನು, ಏಜೆಂಟನ ಬಾಕಿ, ಎರಡನ್ನೂ ಅವರು ಕಾಲ್ನಡಿಗೆಯಲ್ಲಿ ದಾಟಿಬಿಟ್ಟರು. ದುಡ್ಡು ಅಲ್ಲೇ, ಆಗಲೇ, ಕೈಗೆ.

ಕಾರಂತರದು ಇನ್ನೊಂದು ದಾರಿ. ಪುತ್ತೂರಿನಲ್ಲಿ ಸ್ವಂತ ಅಚ್ಚುಕೂಟ, ಸ್ವಂತ ಪ್ರಕಾಶನ. ರಕ್ಷಾಪುಟದ ಚಿತ್ರವೂ ಎಷ್ಟೋ ಸಲ ತಮ್ಮದೇ ಕೈಯಿಂದ. ಜನ ಅವರನ್ನು ಕಾದಂಬರಿಕಾರರೆಂದು ನೆನೆಯುತ್ತಾರೆ. ಆದರೆ ಅವರ ಬರವಣಿಗೆಯ ಪಟ್ಟಿಯಲ್ಲಿ ಮಕ್ಕಳಿಗಾಗಿ ‘ಬಾಲಪ್ರಪಂಚ’ ಇದೆ, ‘ವಿಜ್ಞಾನ ಪ್ರಪಂಚ’ ಇದೆ, ಅರ್ಥಕೋಶ ಇದೆ, ಶಾಲಾ ಪಠ್ಯಗಳಿವೆ, ಪ್ರವಾಸಕಥನ, ಯಕ್ಷಗಾನದ ಶಾಸ್ತ್ರಗ್ರಂಥಗಳಿವೆ. ನಲವತ್ತಕ್ಕೂ ಹೆಚ್ಚು ಕಾದಂಬರಿ ಬರೆದವರು ಕಾದಂಬರಿಯೊಂದನ್ನೇ ನೆಚ್ಚಿ ಕೂರಲಿಲ್ಲ. ಒಂದು ನಿಂತರೆ ಇನ್ನೊಂದು ನಡೆಯುವಂತೆ ಕೆಲಸಗಳನ್ನು ಹರಡಿಕೊಂಡಿದ್ದರು. ಅಷ್ಟಾದರೂ ಸಾಲ, ನಷ್ಟ ಅವರನ್ನು ಬಿಡಲಿಲ್ಲ ಎಂಬುದು ಅವರ ಆತ್ಮಕಥನ ‘ಹುಚ್ಚು ಮನಸ್ಸಿನ ಹತ್ತು ಮುಖಗಳು’ ಓದಿದವರಿಗೆ ಗೊತ್ತು.

ಅ.ನ.ಕೃ. ನೂರಕ್ಕೂ ಮೀರಿ ಕಾದಂಬರಿ ಬರೆದರು. ಅಷ್ಟು ಬರೆಯಬೇಕಿತ್ತೇ ಎಂದು ವಿಮರ್ಶಕರು ಮೂಗು ಮುರಿದದ್ದುಂಟು. ಬರೆಯದೆ ಇದ್ದಿದ್ದರೆ ಮನೆ ನಡೆಯುತ್ತಿತ್ತೇ ಎಂದು ಕೇಳಿದ ವಿಮರ್ಶಕನನ್ನು ನಾನು ಓದಿಲ್ಲ. ಅರವತ್ತು, ಎಪ್ಪತ್ತರ ದಶಕದಲ್ಲಿ ಬೀದಿಬೀದಿಗೆ ಇದ್ದ ಸರ್ಕ್ಯುಲೇಟಿಂಗ್ ಲೈಬ್ರರಿಗಳು ಒಂದು ಪ್ರತಿ ಕೊಂಡು ನೂರು ಮನೆಗೆ ಬಾಡಿಗೆಗೆ ಓಡಿಸುತ್ತಿದ್ದವು. ಲೇಖಕನಿಗೆ ದಕ್ಕಿದ್ದು ಆ ಒಂದು ಪ್ರತಿಯ ಗೌರವಧನ ಮಾತ್ರ. ಆದರೆ ಆ ನೂರು ಮನೆಯ ಓದುಗರು ಮುಂದಿನ ಕಾದಂಬರಿಗೆ ಕಾಯುತ್ತಿದ್ದರು. ಆ ಕಾಯುವಿಕೆಯೇ ಪ್ರಕಾಶಕನಿಗೆ ಧೈರ್ಯ. 1965ರಲ್ಲಿ ‘ಸುಧಾ’, 1983ರಲ್ಲಿ ‘ತರಂಗ’ ಬಂದ ಮೇಲೆ ಧಾರಾವಾಹಿಯ ದುಡ್ಡು ಸೇರಿತು, ಆಮೇಲೆ ಅದೇ ಕಥೆ ಪುಸ್ತಕವಾಯಿತು, ಅದೃಷ್ಟವಿದ್ದರೆ ಸಿನಿಮಾ ಆಯಿತು. ತ.ರಾ.ಸು. ಅವರ ಮೂರು ಕಾದಂಬರಿ ಸೇರಿ 1972ರಲ್ಲಿ ಪುಟ್ಟಣ್ಣ ಕಣಗಾಲರ ‘ನಾಗರಹಾವು’ ಆಯಿತು. ಎರಡೇ ವರ್ಷದಲ್ಲಿ ಆ ಚಿತ್ರ ತಮಿಳು, ತೆಲುಗು, ಹಿಂದಿಗೂ ಹೋಯಿತು. ಒಂದು ಬರಹಕ್ಕೆ ಇಷ್ಟು ಜನ್ಮಗಳಿರಬಹುದು ಎಂಬ ಅರಿವು ಇವತ್ತು ಲೇಖನಕ್ಕೆ ಇಷ್ಟು ಎಂದು ಎಣಿಸಿ ಇಸಕೊಂಡು ಮರೆತುಬಿಡುವ ನಮಗೆ ಇಲ್ಲ.

ನಿರಂಜನರ ವಿಷಯ ಬೇರೆ ಬಗೆಯದು. ಏಳು ಸಂಪುಟಗಳ ‘ಜ್ಞಾನಗಂಗೋತ್ರಿ’, ಇಪ್ಪತ್ತೈದು ಸಂಪುಟಗಳ ‘ವಿಶ್ವಕಥಾಕೋಶ’ದಂಥ ವರ್ಷಗಟ್ಟಲೆಯ ಸಂಪಾದನೆಯ ಕೆಲಸಗಳನ್ನು ಅವರು ಹೊತ್ತರು, ಪಾರ್ಶ್ವವಾಯು ಹೊಡೆದ ಮೇಲೂ ಬಿಡಲಿಲ್ಲ. ಮನೆಯಲ್ಲಿ ಅನುಪಮಾ ನಿರಂಜನ ವೈದ್ಯೆ, ತಾವೂ ಕಾದಂಬರಿಗಾರ್ತಿ. ಇಲ್ಲೊಂದು ಮಾತು ಬಾಯಿಬಿಟ್ಟು ಹೇಳಬೇಕು. ಪೂರ್ಣಾವಧಿ ಬರಹಗಾರರು ಎನ್ನಿಸಿಕೊಂಡ ಎಷ್ಟೋ ಮಂದಿಯ ಬೆನ್ನ ಹಿಂದೆ ಇನ್ನೊಬ್ಬರ ದುಡಿಮೆ ಇರುತ್ತದೆ: ಹೆಂಡತಿಯ ಶಾಲೆಯ ಸಂಬಳ, ಗಂಡನ ಬ್ಯಾಂಕಿನ ಸಂಬಳ, ಊರಿನ ಅಡಿಕೆ. ಅದು ನಾಚಿಕೆಪಡಬೇಕಾದ ಗುಟ್ಟಲ್ಲ. ಆದರೆ ಅದನ್ನು ಮುಚ್ಚಿಟ್ಟು ಹೊಸಬರಿಗೆ ಧೈರ್ಯದ ಭಾಷಣ ಬಿಗಿಯುವುದು ಮೋಸ. ಇನ್ನು ಹೆಂಗಸರು ಮನೆಯಿಂದ ಬರೆದು ಸಂಪಾದಿಸಿದರೆ ಅದು ‘ಟೈಮ್‌ಪಾಸ್’ ಆಗಿಬಿಡುತ್ತದೆ. ಡೆಡ್‌ಲೈನಿನ ದಿನವೇ ನೆಂಟರು ಬರುತ್ತಾರೆ, ಬಂದವರಿಗೆ ಕಾಫಿ ಮಾಡಬೇಕಾದವರೂ ಅವರೇ. ಎಂ.ಕೆ. ಇಂದಿರಾ ಬರೆಯಲು ಶುರು ಮಾಡುವಾಗ ವಯಸ್ಸು ನಲವತ್ತು ದಾಟಿತ್ತು ಎಂಬುದನ್ನು ನಾವು ಸ್ಫೂರ್ತಿಯ ಕಥೆಯಾಗಿ ಹೇಳುತ್ತೇವೆ. ಅದಕ್ಕೂ ಮುಂಚಿನ ವರ್ಷಗಳು ಎಲ್ಲಿ ಹೋದವು ಎಂದು ಕೇಳುವುದಿಲ್ಲ.

ಇವತ್ತಿನ ಲೆಕ್ಕಕ್ಕೆ ಬರೋಣ. ಇನ್ನೂರು ರೂಪಾಯಿ ಬೆಲೆಯ ಪುಸ್ತಕ, ಸಾವಿರ ಪ್ರತಿ, ಶೇ. 10 ರಾಯಧನ. ಎಲ್ಲ ಪ್ರತಿಯೂ ಎರಡು ವರ್ಷದಲ್ಲಿ ಖರ್ಚಾದವು ಎಂದುಕೊಳ್ಳಿ, ಅದೇ ಭಾಗ್ಯ. ಲೇಖಕನಿಗೆ ₹20,000. ತಿಂಗಳಿಗೆ ₹833. ಬಹಳ ಸಲ ಅದೂ ದುಡ್ಡಾಗಿ ಬರುವುದಿಲ್ಲ, ಪುಸ್ತಕದ ಕಟ್ಟಾಗಿ ಬರುತ್ತದೆ. ಸಾರ್ವಜನಿಕ ಗ್ರಂಥಾಲಯ ಇಲಾಖೆಯ ಸಗಟು ಖರೀದಿಯನ್ನು ನೆಚ್ಚಿದ ಪ್ರಕಾಶಕರೂ ಇದ್ದಾರೆ. ಆಸ್ತಿ ತೆರಿಗೆಯ ಜೊತೆ ಶೇ. 6ರಷ್ಟು ಗ್ರಂಥಾಲಯ ಕರವನ್ನು ನಾವೆಲ್ಲ ಕಟ್ಟುತ್ತೇವೆ, ಆ ಹಣ ಸುತ್ತಿಬಳಸಿ ಪುಸ್ತಕವಾಗಬೇಕು. ಖರೀದಿ ತಡವಾಯಿತು, ಬಿಲ್ಲು ಬಾಕಿ ಉಳಿಯಿತು ಎಂಬ ಪ್ರಕಾಶಕರ ದೂರು ಹೊಸದಲ್ಲ. ಆ ಸರಪಳಿಯ ಕೊಟ್ಟಕೊನೆಯ ಕೊಂಡಿ ಲೇಖಕ. ಆದ್ದರಿಂದ ಪುಸ್ತಕ ಬರೆಯಿರಿ, ಅವಶ್ಯ ಬರೆಯಿರಿ, ಆದರೆ ಬಾಡಿಗೆಯ ಲೆಕ್ಕದಲ್ಲಿ ಅದನ್ನು ಸೇರಿಸಬೇಡಿ.

ಬಾಡಿಗೆ ಕಟ್ಟುವ ಬರವಣಿಗೆ ಬೇರೆಯೇ ಇದೆ, ಮತ್ತು ಅದಕ್ಕೆ ಸಾಹಿತ್ಯದ ಪುಟಗಳಲ್ಲಿ ಜಾಗವಿಲ್ಲ. ಬ್ಯಾಂಕಿನ ಆ್ಯಪು, ಸರ್ಕಾರೇತರ ಸಂಸ್ಥೆಯ ವರದಿ, ಆಸ್ಪತ್ರೆಯ ಕೈಪಿಡಿ, ಟ್ರ್ಯಾಕ್ಟರಿನ ಮಾಹಿತಿ ಪುಸ್ತಿಕೆ ಇವೆಲ್ಲ ಯಾರೋ ಒಬ್ಬರು ಕನ್ನಡಕ್ಕೆ ತಂದವು. ಡಬ್ಬಿಂಗ್ ವಿರೋಧದ ಗೋಡೆ ಕುಸಿದ ಮೇಲೆ, ಅದರಲ್ಲೂ 2020ರ ಲಾಕ್‌ಡೌನಿನಲ್ಲಿ ‘ಮಹಾಭಾರತ’ದಂಥ ಹಿಂದಿ ಧಾರಾವಾಹಿಗಳು ಕನ್ನಡದಲ್ಲಿ ಮಾತಾಡಿದ ಮೇಲೆ, ತುಟಿಯ ಚಲನೆಗೆ ಹೊಂದುವಂತೆ ಸಂಭಾಷಣೆ ಬರೆಯಬಲ್ಲವರಿಗೆ ಕೆಲಸ ಹುಟ್ಟಿಕೊಂಡಿತು. ದಿನದ ಧಾರಾವಾಹಿಗೆ ಸಂಭಾಷಣೆ ಬರೆಯುವವರಿಗೆ ಎಪಿಸೋಡಿನ ಲೆಕ್ಕದಲ್ಲಿ ದುಡ್ಡು. ನಾಳೆ ಬೆಳಿಗ್ಗೆ ಸೆಟ್ಟಿಗೆ ಸೀನ್ ಪೇಪರ್ ಹೋಗಲೇಬೇಕು. ಟಿಆರ್‌ಪಿ ಬಿದ್ದರೆ ಧಾರಾವಾಹಿ ನಿಲ್ಲುತ್ತದೆ, ವರಮಾನವೂ ಅದರ ಜೊತೆಗೇ ನಿಲ್ಲುತ್ತದೆ. ಆಡಿಯೊ ಕಥೆಗಳ ಆ್ಯಪುಗಳಿಗೆ ಕಂತುಗಟ್ಟಲೆ ಬರೆಯುವವರದೂ ಹೆಚ್ಚುಕಡಿಮೆ ಇದೇ ಕಥೆ.

ಇದಕ್ಕಿಂತ ಮೌನವಾಗಿ ನಡೆಯುವ ಒಂದು ದಂಧೆ ಇದೆ. ನನಗೆ ಅದರ ಮೇಲೆ ವಿಶೇಷ ಗೌರವ: ಸ್ಮರಣ ಸಂಚಿಕೆ, ಅಭಿನಂದನಾ ಗ್ರಂಥ, ಸಂಸ್ಥೆಯ ಇತಿಹಾಸ, ಉದ್ಯಮಿಯ ಆತ್ಮಕಥೆ. ಗದಗದ ಹತ್ತಿರದ ಕಣಗಿನಹಾಳದಲ್ಲಿ 1905ರಲ್ಲಿ ಸಹಕಾರ ಸಂಘ ಹುಟ್ಟಿದ ನಾಡು ನಮ್ಮದು. ಪಟ್ಟಣಕ್ಕೊಂದು ಪತ್ತಿನ ಸಂಘ, ಸಮುದಾಯಕ್ಕೊಂದು ವಿದ್ಯಾಸಂಸ್ಥೆ, ಒಂದಲ್ಲ ಒಂದಕ್ಕೆ ಪ್ರತಿ ವರ್ಷ ಬೆಳ್ಳಿಹಬ್ಬ, ಚಿನ್ನದ ಹಬ್ಬ, ಶತಮಾನೋತ್ಸವ. ಹಳೆಯ ನಡಾವಳಿ ಪುಸ್ತಕಗಳನ್ನು ತಿರುವಿ, ಸ್ಥಾಪಕರ ಮೊಮ್ಮಕ್ಕಳನ್ನು ಮಾತಾಡಿಸಿ, ಇನ್ನೂರು ಪುಟದ ಓದಿಸಿಕೊಳ್ಳುವ ಪುಸ್ತಕ ಮಾಡಿಕೊಡಬಲ್ಲವರು ಎಷ್ಟು ಜನ ಇದ್ದಾರೆ? ಬಹಳ ಕಡಿಮೆ. ಹಾಗಾಗಿ ಪತ್ರಿಕೆಯ ಒಂದು ವರ್ಷದ ಅಂಕಣದಿಂದ ಬರುವುದಕ್ಕಿಂತ ಹೆಚ್ಚು ಇಂಥ ಒಂದೇ ಕೆಲಸದಿಂದ ಬರುವುದುಂಟು. ಅಧ್ಯಕ್ಷರ ಭಾವಚಿತ್ರ ಮೊದಲ ಪುಟದಲ್ಲಿ ಬರಬೇಕು, ಅವರ ಬಾವನ ಶುಭಾಶಯವೂ ಸೇರಬೇಕು. ಸೇರಿಸಿದರಾಯಿತು, ಅದಕ್ಕೇನು.

ಅನುವಾದಕ್ಕೆ ಕೈಹಾಕುವವರು ಒಂದು ಸಂಗತಿಯನ್ನು ಮೊದಲೇ ಮಾತಾಡಿಕೊಳ್ಳಬೇಕು. ಇಂಗ್ಲಿಷಿನಲ್ಲಿ ಬಿಡಿಬಿಡಿಯಾಗಿ ನಿಲ್ಲುವ ಪದಗಳು ನಮ್ಮಲ್ಲಿ ಪ್ರತ್ಯಯವಾಗಿ ಅಂಟಿಕೊಳ್ಳುತ್ತವೆ, ಹಾಗಾಗಿ ಇಂಗ್ಲಿಷಿನ ಸಾವಿರ ಪದ ಕನ್ನಡದಲ್ಲಿ ಎಷ್ಟೋ ಕಡಿಮೆಯಾಗುತ್ತದೆ. ದರ ಕನ್ನಡದ ಪದಕ್ಕೋ ಮೂಲದ ಪದಕ್ಕೋ? ಮೂಲದ ಪದಕ್ಕೇ ಎಂದು ಬರಹದಲ್ಲಿ ಒಪ್ಪಿಸಿಕೊಳ್ಳದಿದ್ದರೆ ಮಾಡಿದ ಕೆಲಸದ ಒಂದು ಪಾಲು ಪುಕ್ಕಟೆ. ಯೂನಿಕೋಡಿನಲ್ಲಿ ಕೊಡಬೇಕೋ ‘ನುಡಿ’ ತಂತ್ರಾಂಶದಲ್ಲೋ, ಕರಡು ತಿದ್ದುವುದು ಯಾರು, ಎಷ್ಟು ಸಲ, ಅದನ್ನೂ ಅದೇ ಇ-ಮೇಲಿನಲ್ಲಿ ಕೇಳಿಬಿಡಿ.

ಈ ಕಸುಬಿಗೆ ತನ್ನದೇ ಪಂಚಾಂಗವಿದೆ. ದೀಪಾವಳಿ ವಿಶೇಷಾಂಕಕ್ಕೆ ಶ್ರಾವಣ, ಭಾದ್ರಪದದಲ್ಲೇ ಬರೆದಿರಬೇಕು. ಗಣಪತಿ ಹಬ್ಬ ಮುಗಿದ ಮೇಲೆ ಐಡಿಯಾ ಹಿಡಿದು ಫೋನ್ ಮಾಡಿದರೆ ಪುಟ ತುಂಬಿರುತ್ತದೆ. ನವೆಂಬರ್ ಎಂದರೆ ರಾಜ್ಯೋತ್ಸವ: ಭಾಷಣ, ಕಂಪನಿಯ ಕನ್ನಡ ಜಾಹೀರಾತು, ಅಪಾರ್ಟ್‌ಮೆಂಟ್ ಸಂಘದ ಸಂಚಿಕೆ, ಎಲ್ಲರಿಗೂ ಆಗಲೇ ಕನ್ನಡ ಬೇಕು, ಎಲ್ಲರಿಗೂ ಅಕ್ಟೋಬರ್ 30ಕ್ಕೇ ಬೇಕು. ಡಿಸೆಂಬರಿನಿಂದ ಸಮ್ಮೇಳನ, ಸಾಹಿತ್ಯೋತ್ಸವ, ಪುಸ್ತಕ ಬಿಡುಗಡೆ. ಫೆಬ್ರುವರಿ, ಮಾರ್ಚಿನಲ್ಲಿ ಸರ್ಕಾರಿ ಇಲಾಖೆ, ಅಕಾಡೆಮಿ, ಸಂಸ್ಥೆಗಳಿಗೆ ಅನುದಾನ ಖರ್ಚು ಮಾಡುವ ಅವಸರ. ವರ್ಷವಿಡೀ ಮಲಗಿದ್ದ ಯೋಜನೆಗಳು ಮಾರ್ಚ್ 31ರ ಮುಂಚೆ ಎದ್ದು ಓಡುತ್ತವೆ. ಬೇಸಿಗೆಯಲ್ಲಿ ಶಾಲಾ ಪೂರಕ ಪಠ್ಯ, ಮಕ್ಕಳ ಶಿಬಿರ. ಚುನಾವಣೆ ಬಂದ ವರ್ಷ ಘೋಷವಾಕ್ಯ ಬರೆಯುವವರಿಗೆ ಸುಗ್ಗಿ, ಅದರ ದುಡ್ಡನ್ನು ಮಾತ್ರ ಫಲಿತಾಂಶಕ್ಕೆ ಮುಂಚೆಯೇ ಇಸಕೊಳ್ಳಬೇಕು. ಆಷಾಢ ಒಣಗಿದ ತಿಂಗಳು. ಮದುವೆ ಇಲ್ಲ, ಗೃಹಪ್ರವೇಶ ಇಲ್ಲ, ಸಮಾರಂಭ ಇಲ್ಲ, ಕೆಲಸವೂ ಇಲ್ಲ. ಎರಡು ವರ್ಷ ಈ ಕಸುಬಿನಲ್ಲಿ ಉಳಿದವರು ಆಷಾಢಕ್ಕೆ ಹೆದರುವುದಿಲ್ಲ, ತಮ್ಮ ಸ್ವಂತ ಕಾದಂಬರಿಗೆಂದೇ ಆ ತಿಂಗಳನ್ನು ಮೀಸಲಿಡುತ್ತಾರೆ. ಹೊಸಬರು ಮಾತ್ರ ಫೋನ್ ಬರುತ್ತಿಲ್ಲ ಎಂದರೆ ತಮ್ಮ ಬರವಣಿಗೆ ಕೆಟ್ಟಿತೆಂದು ತಿಳಿದು ಕುಗ್ಗಿಹೋಗುತ್ತಾರೆ.

ಕೆಲಸವನ್ನು ಕಥೆ, ಲೇಖನ, ಅನುವಾದ ಎಂದು ವಿಂಗಡಿಸುವುದಕ್ಕಿಂತ ದುಡ್ಡು ಬರಲು ಎಷ್ಟು ದಿನ ಕಾಯಬೇಕು ಎಂಬುದರ ಮೇಲೆ ವಿಂಗಡಿಸಿದರೆ ಮನಸ್ಸು ಹತೋಟಿಯಲ್ಲಿರುತ್ತದೆ. ಹದಿನೈದು ದಿನಕ್ಕೆ ಕೊಡುವ ಅನುವಾದದ ಏಜೆನ್ಸಿ ಮನೆಯ ಖರ್ಚಿಗೆ. ಮೂರು ತಿಂಗಳಿಗೆ ಕೊಡುವ ಪತ್ರಿಕೆ ವಿಮೆಯ ಕಂತಿಗೆ, ಮಕ್ಕಳ ಫೀಸಿಗೆ. ಯಾವಾಗ ಬರುತ್ತದೋ ದೇವರೇ ಬಲ್ಲ ಎನ್ನುವಂಥದ್ದು ಬಂದ ದಿನ ಹಬ್ಬ, ಬಾರದಿದ್ದರೆ ಉಪವಾಸವೇನಿಲ್ಲ. ಹೀಗೆ ಮಾಡಿಕೊಂಡವರು ಸಂಪಾದಕರ ಮೇಲೆ ಹಲ್ಲು ಕಡಿಯುವುದು ಕಡಿಮೆ. ತಮ್ಮ ಬರಹ ತಿರಸ್ಕೃತವಾದಾಗ ಕಂಗೆಡುವುದೂ ಕಡಿಮೆ, ಏಕೆಂದರೆ ಆ ಬರಹದ ಮೇಲೆ ನಾಳಿನ ಹಾಲಿನ ದುಡ್ಡು ನಿಂತಿರುವುದಿಲ್ಲ. ತಿರಸ್ಕೃತ ಎಂದರೂ ನಮ್ಮಲ್ಲಿ ಯಾರು ತಿಳಿಸುತ್ತಾರೆ? ಪ್ರಕಟವಾಗದಿದ್ದರೆ ತಿರಸ್ಕೃತ ಎಂದು ನಾವೇ ಅರ್ಥಮಾಡಿಕೊಳ್ಳಬೇಕು. ಅತ್ತ ಒಂದೇ ಲೇಖನವನ್ನು ಎರಡು ಕಡೆ ಕಳಿಸಿದರೆ ಮಹಾಪರಾಧ. ‘ಮುಂದಿನ ತಿಂಗಳು 15ರೊಳಗೆ ತಮ್ಮಿಂದ ಉತ್ತರ ಬಾರದಿದ್ದರೆ ಬೇರೆಡೆ ಕಳಿಸುತ್ತೇನೆ’ ಎಂಬ ಒಂದು ಸಾಲು ಈ ಬಿಕ್ಕಟ್ಟನ್ನು ಬಿಡಿಸುತ್ತದೆ. ಸಿಟ್ಟಾಗುವ ಸಂಪಾದಕರು ಇದ್ದಾರೆ, ಆದರೆ ನೀವು ಅಂದುಕೊಂಡಷ್ಟು ಇಲ್ಲ.

ದುಡ್ಡಿನ ಮಾತು ಎತ್ತುವುದೇ ನಮಗೆ ಕಷ್ಟ. ಸಂಜೆ ಫೋನ್ ಬರುತ್ತದೆ.

‘ಒಂದು ಎಂಟ್ನೂರು ಪದ ಬರ್ಕೊಡಿ ಸರ್, ನಾಳೆ ಸಂಜೆ ಒಳಗೆ ಸಿಕ್ರೆ ಸಾಕು. ನೀವಾದ್ರೆ ಒಂದು ಗಂಟೆ ಕೆಲಸ.’

‘ಆಗಲಿ, ಬರೀತೀನಿ. ಸಂಭಾವನೆ ಎಷ್ಟು ಇಟ್ಕೊಂಡಿದೀರಿ, ಯಾವಾಗ ಬರತ್ತೆ?’

ಆ ಕಡೆ ಎರಡು ಕ್ಷಣ ಸದ್ದಿಲ್ಲ. ಆ ಎರಡು ಕ್ಷಣ ತಡೆದುಕೊಳ್ಳುವುದೇ ಇಡೀ ವಿದ್ಯೆ. ಗಾಬರಿಯಾಗಿ ‘ಪರವಾಗಿಲ್ಲ ಬಿಡಿ, ನೀವು ಎಷ್ಟು ಕೊಟ್ರೂ ಸರಿ’ ಎಂದು ನಾವೇ ತುಂಬಿಬಿಡುತ್ತೇವೆ. ತುಂಬದೆ ಸುಮ್ಮನಿದ್ದರೆ ಆ ಕಡೆಯವರು ಒಂದು ಮೊತ್ತ ಹೇಳುತ್ತಾರೆ, ಇಲ್ಲವೇ ದುಡ್ಡಿಲ್ಲ ಎಂದು ಹೇಳುತ್ತಾರೆ. ಎರಡೂ ಮಾಹಿತಿಯೇ. ದುಡ್ಡಿಲ್ಲದ ಸಣ್ಣ ಪತ್ರಿಕೆಗೆ, ಪ್ರೀತಿಯ ಗೆಳೆಯರಿಗೆ ಬರೆದುಕೊಡುವುದು ತಪ್ಪಲ್ಲ. ಅದು ಗೊತ್ತಿದ್ದು ಕೊಟ್ಟದ್ದಾಗಿರಬೇಕು ಅಷ್ಟೇ. ಬರೆದುಕೊಟ್ಟ ಮೇಲೆ ಬಿಲ್ಲು ಕಳಿಸಿ: ಲೇಖನದ ಹೆಸರು, ಕೊಟ್ಟ ತಾರೀಖು, ಮೊತ್ತ, ಪ್ಯಾನ್, ಬ್ಯಾಂಕಿನ ವಿವರ. ತಿಂಗಳಾದರೆ ನೆನಪಿನ ಪತ್ರ: ‘ನಮಸ್ಕಾರ ಮೇಡಂ. ಜೂನ್ 12ರಂದು ಕಳಿಸಿದ ಬಿಲ್ಲಿನ ಸ್ಥಿತಿ ತಿಳಿಸಲು ಕೋರುತ್ತೇನೆ.’ ಇದರಲ್ಲಿ ಕ್ಷಮೆ ಬೇಡ, ಮನೆಕಷ್ಟದ ವರ್ಣನೆ ಬೇಡ. ಇಂಥ ಪತ್ರ ಬಹಳ ಸಲ ಹೋಗಿ ತಲುಪುವುದು ಸಂಪಾದಕರನ್ನಲ್ಲ, ಅಕೌಂಟ್ಸ್ ವಿಭಾಗದವರನ್ನು. ಅವರಿಗೆ ಬೇಕಾದ್ದು ತಾರೀಖು ಮತ್ತು ಸಂಖ್ಯೆ.

ಕಾನೂನು ನಮ್ಮ ಪರವಾಗಿ ಸ್ವಲ್ಪವಾದರೂ ಇದೆ ಎಂಬುದು ಹೆಚ್ಚಿನವರಿಗೆ ಗೊತ್ತಿಲ್ಲ. ಬರವಣಿಗೆ, ಅನುವಾದವನ್ನು ಸೇವೆಯಾಗಿ ಒದಗಿಸುವವರು ಉದ್ಯಮ್ ಪೋರ್ಟಲಿನಲ್ಲಿ ಕಿರು ಉದ್ದಿಮೆಯಾಗಿ ನೋಂದಾಯಿಸಿಕೊಳ್ಳಬಹುದು, ಅದಕ್ಕೆ ಶುಲ್ಕವಿಲ್ಲ. 2006ರ ಎಂಎಸ್‌ಎಂಇ ಕಾಯ್ದೆಯ ಪ್ರಕಾರ ಕೆಲಸ ಪಡೆದವರು ಒಪ್ಪಂದದಲ್ಲಿ ಏನೇ ಬರೆದಿದ್ದರೂ 45 ದಿನ ಮೀರಿಸುವಂತಿಲ್ಲ. ಮೀರಿದರೆ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ. ದೂರು ಕೊಡಲು ವ್ಯವಸ್ಥೆಯೂ ಇದೆ. ಎರಡು ಸಾವಿರ ರೂಪಾಯಿಯ ಲೇಖನಕ್ಕೆ ಯಾರೂ ಅಷ್ಟು ದೂರ ಹೋಗುವುದಿಲ್ಲ, ಹೋಗಲೂಬಾರದು. ಆದರೆ ದೊಡ್ಡ ಕಂಪನಿಗೆ ಎರಡು ಲಕ್ಷದ ಅನುವಾದ ಮಾಡಿಕೊಟ್ಟಾಗ ಬಿಲ್ಲಿನ ಕೆಳಗೆ ಉದ್ಯಮ್ ಸಂಖ್ಯೆ ಇದ್ದರೆ ಅದರ ಗಾಳಿಯೇ ಬೇರೆ.

ಹಕ್ಕಿನ ಮಾತು ಇನ್ನೂ ಮುಖ್ಯ. 1957ರ ಕೃತಿಸ್ವಾಮ್ಯ ಕಾಯ್ದೆಯ ಪ್ರಕಾರ, ನೌಕರನಲ್ಲದ ಬರಹಗಾರ ಬರೆದ ಲೇಖನದ ಮೊದಲ ಹಕ್ಕುದಾರ ಅವನೇ, ಪತ್ರಿಕೆ ಅಲ್ಲ. ಹಕ್ಕು ಇನ್ನೊಬ್ಬರಿಗೆ ಹೋಗಬೇಕಾದರೆ ಅದು ಬರಹದಲ್ಲಿ, ಸಹಿಯೊಂದಿಗೆ ಇರಬೇಕು. ಅವಧಿ ಹೇಳಿಲ್ಲವೇ, ಐದು ವರ್ಷ ಎಂದು ಅರ್ಥ. ಪ್ರದೇಶ ಹೇಳಿಲ್ಲವೇ, ಭಾರತ ಮಾತ್ರ ಎಂದು ಅರ್ಥ. ಹಕ್ಕಿನ ಆಯುಸ್ಸು ಲೇಖಕ ತೀರಿಕೊಂಡ ಮೇಲೂ 60 ವರ್ಷ: 1971ರಲ್ಲಿ ತೀರಿಕೊಂಡ ಅ.ನ.ಕೃ. ಅವರ ಕೃತಿಗಳು 2031ರ ಕೊನೆಯವರೆಗೆ ವಾರಸುದಾರರವು, 1984ರಲ್ಲಿ ಹೋದ ತ.ರಾ.ಸು. ಅವರವು 2044ರ ಕೊನೆಯವರೆಗೆ. ಚಿತ್ರಗೀತೆ ಬರೆದವರಿಗೆ 2012ರ ತಿದ್ದುಪಡಿ ಇನ್ನೊಂದು ಬಾಗಿಲು ತೆರೆಯಿತು. ಚಿತ್ರಮಂದಿರದ ಆಚೆ ಹಾಡು ಬಳಕೆಯಾದಾಗ ಬರುವ ರಾಯಧನದ ಪಾಲನ್ನು ನಿರ್ಮಾಪಕರಿಗೆ ಬಿಟ್ಟುಕೊಟ್ಟೆ ಎಂದು ಬರೆಸಿಕೊಂಡರೂ ಅದು ನಿಲ್ಲುವುದಿಲ್ಲ. ಹೀಗಿದ್ದೂ ‘ಎಲ್ಲ ಮಾಧ್ಯಮಗಳಲ್ಲಿ, ಎಲ್ಲ ಭಾಷೆಗಳಲ್ಲಿ, ಶಾಶ್ವತವಾಗಿ’ ಎಂಬ ಒಪ್ಪಂದಕ್ಕೆ ಓದದೆ ಸಹಿ ಹಾಕುವ ಯುವ ಕಥೆಗಾರರು ಇದ್ದಾರೆ, ಆಡಿಯೊ ಆ್ಯಪುಗಳ ಕಾಲದಲ್ಲಿ ಇದು ಹೆಚ್ಚಾಗಿದೆ. ‘ಆಡಿಯೊ ಮಾತ್ರ, ಕನ್ನಡ ಮಾತ್ರ, ಐದು ವರ್ಷ’ ಎಂದು ತಿದ್ದಿ ಕಳಿಸಿದರೆ ಕೆಲವರು ಒಪ್ಪುತ್ತಾರೆ. ಒಪ್ಪದಿದ್ದರೆ ಕೊಡುವ ಮೊತ್ತ ಅಷ್ಟು ಹಕ್ಕಿಗೆ ತಕ್ಕದ್ದೇ ಎಂದು ಕಣ್ಣುಬಿಟ್ಟು ನೋಡಬಹುದು.

ತೆರಿಗೆಯದು ಸಣ್ಣ ವಿಷಯ, ಆದರೆ ದುಡ್ಡು ಸೋರುವ ಜಾಗ. ಒಬ್ಬರೇ ವರ್ಷಕ್ಕೆ ₹50,000 ದಾಟಿ ವೃತ್ತಿಶುಲ್ಕ ಕೊಟ್ಟರೆ ಶೇ. 10ನ್ನು ಮೂಲದಲ್ಲೇ ಮುರಿದುಕೊಳ್ಳುತ್ತಾರೆ, ಪ್ಯಾನ್ ಕೊಡದಿದ್ದರೆ ಶೇ. 20. ಹೊಸ ಪದ್ಧತಿಯಲ್ಲಿ ವರ್ಷಕ್ಕೆ ₹12 ಲಕ್ಷದವರೆಗಿನ ಇಂಥ ಆದಾಯಕ್ಕೆ ತೆರಿಗೆಯೇ ಬೀಳುವುದಿಲ್ಲ, ಅಂದರೆ ಮುರಿದುಕೊಂಡದ್ದು ನಿಮ್ಮದೇ ದುಡ್ಡು. ರಿಟರ್ನ್ ಸಲ್ಲಿಸಿದರೆ ಮಾತ್ರ ವಾಪಸ್ ಬರುತ್ತದೆ. ಆದಾಯ ಕಡಿಮೆ ಎಂದು ರಿಟರ್ನ್ ಸಲ್ಲಿಸದೆ ಬಿಡುವ ಬರಹಗಾರರು ಸರ್ಕಾರಕ್ಕೆ ಪ್ರತಿ ವರ್ಷ ಉಡುಗೊರೆ ಕೊಡುತ್ತಿದ್ದಾರೆ. ಹಳೆಯ ಪದ್ಧತಿಯಲ್ಲಿ ಉಳಿದವರಿಗೆ ಪುಸ್ತಕದ ರಾಯಧನದಲ್ಲಿ ₹3 ಲಕ್ಷದವರೆಗೆ ವಿನಾಯಿತಿಯೂ ಇದೆ. ಅಷ್ಟು ರಾಯಧನ ಬರುವ ಕನ್ನಡ ಲೇಖಕರಿಗೆ ಈ ಲೇಖನದ ಅಗತ್ಯವೇನೂ ಇರಲಾರದು.

ಈಗ ಯಂತ್ರದ ಮಾತು. ಅನುವಾದದ ಏಜೆನ್ಸಿಗಳು ಮೊದಲು ಇಂಗ್ಲಿಷ್ ಪಠ್ಯ ಕಳಿಸುತ್ತಿದ್ದವು. ಈಗ ಯಂತ್ರ ಮಾಡಿದ ಕನ್ನಡವನ್ನು ಜೊತೆಗಿಟ್ಟು ‘ಸ್ವಲ್ಪ ತಿದ್ದಿಕೊಡಿ’ ಎನ್ನುತ್ತವೆ, ದರವನ್ನೂ ಇಳಿಸುತ್ತವೆ. ಆ ಕನ್ನಡ ಮೇಲ್ನೋಟಕ್ಕೆ ನೆಟ್ಟಗಿರುತ್ತದೆ, ಓದುತ್ತಾ ಹೋದರೆ ಯಾರೂ ಹಾಗೆ ಮಾತಾಡುವುದಿಲ್ಲ ಎಂದು ತಿಳಿಯುತ್ತದೆ, ತಿದ್ದಲು ಹೊಸದಾಗಿ ಬರೆದಷ್ಟೇ ಹೊತ್ತು ಹಿಡಿಯುತ್ತದೆ. ಇಂಥ ಕೆಲಸಕ್ಕೆ ಪದದ ದರ ಬಿಟ್ಟು ಗಂಟೆಯ ದರ ಕೇಳುವವರು ಉಳಿದುಕೊಂಡಿದ್ದಾರೆ. ಕೈಪಿಡಿ, ಫಾರಂ, ಸೂಚನೆಗಳಂಥ ಒಣ ಕೆಲಸದ ಒಂದು ಭಾಗ ಹೋಗುವುದು ಖಂಡಿತ, ಹೋಗುತ್ತಲೂ ಇದೆ. ನಡಾವಳಿ ಪುಸ್ತಕದ ಧೂಳು ಕುಡಿದು, ಎಂಬತ್ತು ದಾಟಿದ ಸ್ಥಾಪಕ ಸದಸ್ಯರ ಜಗಲಿಯಲ್ಲಿ ಕೂತು, ಅವರು ಹೇಳದೆ ನುಂಗಿದ್ದನ್ನೂ ಕೇಳಿಸಿಕೊಂಡು ಬರೆಯುವ ಕೆಲಸಕ್ಕೆ ಸದ್ಯಕ್ಕೆ ಆ ಭಯವಿಲ್ಲ. ಬಳ್ಳಾರಿಯ ಗಣಿಯೂರಿಗೋ ಕಾರವಾರದ ಬಂದರಿಗೋ ಹೋಗಿ ನೋಡಿ ಬರೆದ ವರದಿಗೂ ಇಲ್ಲ. ಆದರೆ ಬಸ್ ಚಾರ್ಜು, ಊಟದ ಖರ್ಚು ಕೊಡುವ ಪತ್ರಿಕೆ ಯಾವುದು ಎಂಬ ಪ್ರಶ್ನೆ ಹಾಗೇ ಉಳಿದಿದೆ. ಅದನ್ನೂ ಹೊರಡುವ ಮೊದಲೇ ಕೇಳಬೇಕು.

ಕಚೇರಿಯ ಕೆಲಸ ಬಿಟ್ಟು ಇದಕ್ಕೆ ಬರಲೇ ಎಂದು ಕೇಳುವ ಹುಡುಗ ಹುಡುಗಿಯರು ಈಚೆಗೆ ಹೆಚ್ಚು, ಬಹುತೇಕ ಬೆಂಗಳೂರಿನಿಂದ. ನಾನು ತಿರುಗಿ ಕೇಳುವುದು ಇಷ್ಟೇ: ಈಗಿನ ಕೆಲಸದಲ್ಲಿ ಇದ್ದುಕೊಂಡೇ ಒಂದು ವರ್ಷ ಶನಿವಾರ, ಭಾನುವಾರ ದುಡಿದು, ಎರಡನೇ ಸಲ ತಾವಾಗಿ ಫೋನ್ ಮಾಡಿ ಕೆಲಸ ಕೊಟ್ಟವರು ಎಷ್ಟು ಮಂದಿ? ಮೊದಲ ಸಲ ಯಾರು ಬೇಕಾದರೂ ಕೊಡುತ್ತಾರೆ. ಎರಡನೇ ಸಲ ಕೊಡುವವರು ಮೂರು ನಾಲ್ಕು ಜನ ಇದ್ದರೆ, ಆರು ತಿಂಗಳ ಖರ್ಚು ಬ್ಯಾಂಕಿನಲ್ಲಿದ್ದರೆ, ಬಿಡಬಹುದು. ಬೆಂಗಳೂರಿನ ಬಾಡಿಗೆಯಲ್ಲಿ ಧಾರವಾಡದಲ್ಲೋ ಸಾಗರದಲ್ಲೋ ಅರ್ಧ ಸಂಸಾರ ನಡೆಯುತ್ತದೆ, ಬ್ರಾಡ್‌ಬ್ಯಾಂಡ್ ಅಲ್ಲೂ ಇದೆ. ಊರಿಗೆ ಹಿಂತಿರುಗಿದ ಬರಹಗಾರರ ಗುಂಪು ನಿಧಾನವಾಗಿ ಬೆಳೆಯುತ್ತಿರುವುದು ಸುಮ್ಮನೆ ಅಲ್ಲ. ಪಿಎಫ್ ಹಣವನ್ನು ಮೊದಲ ವರ್ಷದ ಖರ್ಚಿಗೆ ತೆಗೆಯಬೇಡಿ. ಆರೋಗ್ಯ ವಿಮೆಯನ್ನು ರಾಜೀನಾಮೆ ಕೊಡುವ ಮೊದಲೇ ಸ್ವಂತ ಹೆಸರಿನಲ್ಲಿ ಮಾಡಿಸಿಕೊಳ್ಳಿ. ಕಂಪನಿ ಕೊಡಿಸಿದ ಗುಂಪು ವಿಮೆ ಸಾಮಾನ್ಯವಾಗಿ ಕೊನೆಯ ಕೆಲಸದ ದಿನಕ್ಕೇ ಮುಗಿಯುತ್ತದೆ, ಹೊಸ ಪಾಲಿಸಿಯಲ್ಲಿ ಹಳೆಯ ಕಾಯಿಲೆಗಳಿಗೆ ಕಾಯುವ ಅವಧಿ ಇರುತ್ತದೆ.